ಹಸಿರು ಸೀರೆಯ ಕೌದಿ

ಆಸ್ಪತ್ರೆ ಎಂದರೆ ಎಲ್ಲರಿಗೂ ಫಿನಾಯಿಲ್ ವಾಸನೆ ನೆನಪಾಗುತ್ತದೆ. ನನಗೆ ಶಹಾಪುರದ ಆಸ್ಪತ್ರೆ ಎಂದರೆ ಬಿಸಿಲಿಗೆ ಕಾದ ಹಳೆಯ ಸೀರೆಯ ವಾಸನೆ. ಯಾದಗಿರಿಗೆ ಮರಳಿ ಎಷ್ಟೋ ವರ್ಷವಾದ ಮೇಲೆ ಮೊನ್ನೆ ಪರಿಚಯದವರೊಬ್ಬರನ್ನು ನೋಡಲು ಅಲ್ಲಿಗೆ ಹೋಗಿದ್ದೆ. ಮಾತಾಡಿಸಿ ಹೊರಗೆ ಬಂದರೆ ಹಿಂದಿನ ಕಂಪೌಂಡ್ ಗೋಡೆಯ ಮೇಲೆ ಯಾರೋ ಹಳೆಯ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿ ಒಣಹಾಕಿದ್ದರು. ಒಗೆದು ಒಗೆದು ಯಾವ ತುಂಡು ಯಾವ ಬಣ್ಣದ್ದೆಂದು ಗುರುತೇ ಸಿಗದಂತಾಗಿತ್ತು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಹತ್ತಿರ ಹೋದೆ, ಕಳ್ಳಿಯ ಹಾಗೆ. ಒಂದೊಂದೇ ಮೂಲೆ ಹಿಡಿದು ನೋಡಿದೆ. ಕೊನೆಯ ಮೂಲೆಯಲ್ಲಿ ಇತ್ತು, ನಾವು ಹಚ್ಚುತ್ತಿದ್ದ ಚೌಕದ ತುಂಡು. ಒಳಗಿನ ಜೋಳದ ಕಾಳು ಮಾತ್ರ ಎಂದೋ ಪುಡಿಯಾಗಿ ನೀರಿನ ಪಾಲಾಗಿತ್ತು. ಮೂಗಿಗೆ ಹಿಡಿದುಕೊಂಡೆ. ಅಷ್ಟೇ ಸಾಕಾಯಿತು, ಅವ್ವ ತೀರಿಹೋದ ವರ್ಷದ ಆ ಚಳಿಗಾಲ ಇಡಿಯಾಗಿ ಬಂದು ಮುಂದೆ ನಿಂತಿತು.

ಅವ್ವ ಹೋದದ್ದು ಆಷಾಢದಲ್ಲಿ. ಯಾದಗಿರಿಯ ಬಾಡಿಗೆ ಮನೆಯಲ್ಲಿ ಇದ್ದವರು ನಾವಿಬ್ಬರೇ. ನನಗೆ ಮದುವೆಯಾಗಲಿಲ್ಲ, ಆಗಬೇಕೆಂದು ನಾನೂ ಜಿದ್ದು ಮಾಡಲಿಲ್ಲ. ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಬೆಳಗ್ಗೆ ಚಹಾದ ಸಕ್ಕರೆಗೆ ಜಗಳ ಶುರುವಾದರೆ ಸಂಜೆ ರೊಟ್ಟಿಯ ದಪ್ಪಕ್ಕೆ ಮುಗಿಯುತ್ತಿತ್ತು. ಅವಳು ಹೋದ ಮೇಲೆ ಆ ಮನೆಯಲ್ಲಿ ಸಿಟ್ಟು ಮಾಡಲು ಯಾರೂ ಉಳಿಯಲಿಲ್ಲ. ಬಂಧುಗಳು ಬಂದರು, ಅತ್ತರು, ಉಂಡರು, ಹೋದರು. ನಗರಸಭೆಯ ನೌಕರಿಯಲ್ಲಿದ್ದ ನಾನು ಶಹಾಪುರಕ್ಕೆ ವರ್ಗ ಕೇಳಿದೆ. ಅಲ್ಲಿಯ ಕಚೇರಿಯಲ್ಲಿ ಜನರ ಸಂಘ, ಸಹಾಯದ ಕೆಲಸ ಇತ್ಯಾದಿ ನೋಡಿಕೊಳ್ಳುವ ಮೇಜು ಒಂದು ಖಾಲಿ ಇತ್ತು. ಸಿಕ್ಕಿತು.

ಬಸ್‌ಸ್ಟ್ಯಾಂಡಿನ ಹಿಂದೆ ಮಾಳಿಗೆಯ ಮೇಲೊಂದು ಕೋಣೆ ಹಿಡಿದೆ. ಕಿಟಕಿ ತೆಗೆದರೆ ಗುಡ್ಡದ ಸಾಲು, ಅದರ ಮೇಲೆ ಬಂಡೆಗಳೇ ಆಕಾರ ತಳೆದಂತೆ ಮಲಗಿದ ಬುದ್ಧ. ಊರಿನವರು ಅದನ್ನು ನೋಡಿ ನೋಡಿ ಮರೆತಿದ್ದರು. ನಾನು ಮಾತ್ರ ದಿನಾ ನೋಡುತ್ತಿದ್ದೆ, ನೋಡಲು ಬೇರೆ ಯಾರೂ ಇರಲಿಲ್ಲವಲ್ಲ. ಶನಿವಾರ ಸಂಜೆ ಕಚೇರಿ ಬಿಟ್ಟರೆ ಸೋಮವಾರ ಬೆಳಗಿನ ತನಕ ನನ್ನ ಗಂಟಲಿಗೆ ಕೆಲಸವಿಲ್ಲ. ಭಾನುವಾರ ಬೇಡದಿದ್ದರೂ ಕೊತ್ತಂಬರಿ ತರಲು ಹೋಗುತ್ತಿದ್ದೆ, ಚೌಕಾಶಿ ಮಾಡುವ ನೆಪದಲ್ಲಿ ನಾಲ್ಕು ಮಾತು ಆಗಲಿ ಎಂದು. ನನ್ನ ಬುಟ್ಟಿಯಲ್ಲಿ ಎಷ್ಟೋ ಕಟ್ಟು ಕೊತ್ತಂಬರಿ ಬಾಡಿಹೋದವು.

ಕೋಣೆಯಲ್ಲಿ ಒಂದು ಪೆಟ್ಟಿಗೆ. ಅದರಲ್ಲಿ ಅವ್ವನ ಸೀರೆಗಳು. ಎಲ್ಲಕ್ಕಿಂತ ಮೇಲೆ ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ. ಮಲಗುವಾಗ ಅದನ್ನು ಮಡಚಿ ಮೈಮೇಲೆ ಹಾಕಿಕೊಳ್ಳುತ್ತಿದ್ದೆ. ನಲವತ್ತು ದಾಟಿದ ಹೆಂಗಸು ಹೀಗೆ ಮಲಗುತ್ತಾಳೆಂದು ಯಾರಿಗಾದರೂ ಗೊತ್ತಾದರೆ ನಕ್ಕಾರು ಎಂದು ಬಾಗಿಲ ಚಿಲಕವನ್ನು ಎರಡು ಸಲ ನೋಡುತ್ತಿದ್ದೆ. ನಗಲು ಬರುವವರಾದರೂ ಯಾರಿದ್ದರು?

ಆ ವರ್ಷ ನಗರಸಭೆಯವರೂ ಊರಿನ ಸ್ವಯಂಸೇವಕರೂ ಕೂಡಿ ಒಂದು ಯೋಜನೆ ಹಾಕಿದ್ದೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಗೋಡೆಗೆ ಹಳದಿ ಬಣ್ಣ ಬಳಿದು, ಮೊಳೆ ಹೊಡೆದು, ಮೇಲೆ ದೊಡ್ಡದಾಗಿ ಬರೆಸಿದೆವು: ‘ಬೇಡಾದವರು ಇಡ್ರಿ, ಬೇಕಾದವರು ಒಯ್ರಿ.’ ಹಳೆಯ ಬಟ್ಟೆ ಇದ್ದವರು ತೂಗುಹಾಕಬೇಕು, ಇಲ್ಲದವರು ಯಾರನ್ನೂ ಕೇಳದೆ ಒಯ್ಯಬೇಕು. ನಿವೃತ್ತ ಶಿಕ್ಷಕ ಸಿದ್ರಾಮಪ್ಪ ಮಾಸ್ತರರು ಸ್ವಯಂಸೇವಕರ ಮುಂದಾಳು. ರಿಬ್ಬನ್ ಕತ್ತರಿಸಿದ್ದಾಯಿತು, ಪೇಢೆ ಹಂಚಿದ್ದಾಯಿತು, ಫೋಟೋ ತೆಗೆಸಿಕೊಂಡದ್ದಾಯಿತು.

ಇಡುವವರು ಬಂದೇ ಬಂದರು. ಎರಡೇ ವಾರದಲ್ಲಿ ಗೋಡೆ ತುಂಬಿ ಕೆಳಗೂ ರಾಶಿ ಬಿತ್ತು. ಒಯ್ಯುವವರು ಮಾತ್ರ ಒಬ್ಬರೂ ಇಲ್ಲ. ಇಲ್ಲ, ಸುಳ್ಳೇಕೆ, ಒಂದು ಆಡು ಬಂದು ಒಂದು ಧೋತರದ ಅಂಚು ತಿಂದು ಹೋಯಿತು. ನಾನು ಕಚೇರಿಯಿಂದ ಹೋಗುವಾಗ ಬರುವಾಗ ಆ ರಾಶಿ ನೋಡಿ ಕುದಿಯುತ್ತಿದ್ದೆ. ಊರಲ್ಲಿ ಬಟ್ಟೆಯಿಲ್ಲದವರೇ ಇಲ್ಲವೇ? ಚಳಿ ಬೇರೆ ಶುರುವಾಗಿತ್ತು.

ಗೋಡೆಯ ಎದುರಿಗೇ ಶಂಕ್ರಮ್ಮನ ಬಳೆ ಅಂಗಡಿ. ಸ್ವಯಂಸೇವಕರಲ್ಲಿ ಅವಳೂ ಒಬ್ಬಳು, ಅರವತ್ತರ ಆಸುಪಾಸು, ಬಾಯಿ ಮಾತ್ರ ಇಪ್ಪತ್ತರದ್ದು. ಒಂದು ದಿನ ಅವಳ ಮುಂದೆಯೇ ಸಿಟ್ಟು ಕಾರಿದೆ.

“ಇವರಿಗೆಲ್ಲ ಏನಾಗ್ಯಾದ ಶಂಕ್ರಮ್ಮಾ? ಪುಕ್ಕಟೆ ಕೊಟ್ರೂ ಒಲ್ಲೆ ಅಂತಾರಲ್ಲ.”

“ಆ ಗುಲಾಬಿ ಸೀರಿ ಕಾಣಾಕತ್ತೈತಿಲ್ಲ ತಂಗಿ, ಅದು ಕಿರಾಣಿ ಅಂಗಡಿ ಸಾವ್ಕಾರ್ತಿದು. ಹೋದ ವರ್ಷ ತಂಗೀ ಮದುವ್ಯಾಗ ಉಟ್ಟಿದ್ಲು, ಊರೆಲ್ಲ ನೋಡೈತಿ. ಈಗ ಯಾರೋ ಬಡವಿ ಅದನ್ನ ಉಟ್ಕೊಂಡು ನಳದ ನೀರಿಗೆ ಬಂದ್ಲು ಅಂತ ತಿಳಿ. ಮಂದಿ ಏನಂತಾರ? ‘ಸಾವ್ಕಾರ್ತಿ ಸೀರಿ ಬಂತು ನೋಡ್ರಿ’ ಅಂತಾರ. ಅಕಿ ಬಂದ್ಲು ಅನ್ನಂಗಿಲ್ಲ.”

ಅವಳು ದನಿ ತಗ್ಗಿಸಿ ಮತ್ತೊಂದು ಹೇಳಿದಳು. “ಮತ್ತ ಇದರಾಗ ಸತ್ತವರದು ಯಾವ್ದು, ಇದ್ದವರದು ಯಾವ್ದು, ಯಾರಿಗೆ ಗೊತ್ತು? ಸತ್ತವರ ಬಟ್ಟಿ ಅಂದ್ರ ಮಂದಿ ಅಂಜತಾರ.”

ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ನೆನಪಾಯಿತು. ಅದನ್ನು ಮುಚ್ಚಿಕೊಳ್ಳಲು ಇನ್ನೂ ಜೋರಾಗಿ ಕೂಗಿದೆ. “ಯಾರೂ ಒಯ್ಯಂಗಿಲ್ಲ ಅಂದ್ರ ಎಲ್ಲಾ ಕಡಿದು ಕೌದಿ ಹೊಲಿಸಿಬಿಡ್ತೀನಿ ನೋಡು. ಆಗ ಯಾರ ಸೀರಿ ಅಂತ ಹುಡುಕ್ಲಿ.”

“ಹೊಲಿಸು. ಬ್ಯಾಡ ಅಂದೋರು ಯಾರು? ಸೂಜಿ ನಂದು, ದಾರ ನಗರಸಭೇದು.”

ಸಿಟ್ಟಿನಲ್ಲಿ ಆಡಿದ ಮಾತು ಕೆಲಸವಾಗಿ ನಿಂತಿತು. ಕೌದಿ ಯಾರಿಗೆ ಎಂದು ಯೋಚಿಸುವ ತ್ರಾಸವೂ ಬೀಳಲಿಲ್ಲ. ಹತ್ತಿ ಬಿಡಿಸುವ ಕಾಲ ಅದು. ದೋರನಹಳ್ಳಿ, ವಡಗೇರಾ, ಕೊಂಕಲ್ ಕಡೆಯಿಂದ ರೋಗಿಗಳ ಜೊತೆ ಬಂದವರು ಆಸ್ಪತ್ರೆಯ ಪಡಸಾಲೆಯಲ್ಲೇ ದಿನಗಟ್ಟಲೆ ಉಳಿಯುತ್ತಿದ್ದರು. ಅವಸರದಲ್ಲಿ ಬಂದವರು, ಉಟ್ಟ ಬಟ್ಟೆಯಲ್ಲೇ ಬಂದವರು. ಬೆಳಗ್ಗೆ ಹೋದರೆ ಮೊಣಕಾಲು ಗದ್ದಕ್ಕೆ ಹಚ್ಚಿ ಬಿಸಿಲು ಬರುವ ಮೂಲೆಗೆ ಸರಿಯುತ್ತ ಕೂತಿರುತ್ತಿದ್ದರು. ಅವರಿಗೆ ಹೊದೆಯಲು ಕೊಡುವುದು, ಮನೆಗೆ ಹೋಗುವಾಗ ತಿರುಗಿ ಕೊಟ್ಟರೆ ಒಗೆದು ಮುಂದಿನವರಿಗೆ ಇಡುವುದು ಎಂದು ಠರಾಯಿಸಿದೆವು.

ನಗರಸಭೆಯ ಹಿಂದಿನ ಬೇವಿನ ಮರದ ಕೆಳಗೆ ದಿನಾ ಮಧ್ಯಾಹ್ನ ಹೆಂಗಸರು ಕೂಡತೊಡಗಿದರು. ಇಡೀ ಸೀರೆಯೊಂದನ್ನು ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಡುವುದು. ಅದರ ಮೇಲೆ ತುಂಡುಗಳನ್ನು ಒತ್ತೊತ್ತಾಗಿ ಹರಡುವುದು. ಸುತ್ತ ಕೂತವರು ಅಂಚಿನಿಂದ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುವುದು. ಶುರುವಿಗೆ ಒಬ್ಬರಿಂದೊಬ್ಬರು ದೂರ ಕೂತವರು ಮುಗಿಯುವ ಹೊತ್ತಿಗೆ ತಲೆಗೆ ತಲೆ ತಾಗುವಷ್ಟು ಹತ್ತಿರ ಬಂದಿರುತ್ತಿದ್ದರು. ಕೊನೆಗೆ ಶಂಕ್ರಮ್ಮ ಒಂದು ಮೂಲೆಗೆ ಚೌಕದ ತುಂಡು ಹಚ್ಚಿ ಅದರೊಳಗೆ ನಾಲ್ಕು ಜೋಳದ ಕಾಳು ಹಾಕಿ ಬಾಯಿ ಮುಚ್ಚುತ್ತಿದ್ದಳು.

“ಕೌದಿ ಹಸಿದ ಹೊಟ್ಟೀಲೆ ಮಲಗಬಾರದು ಅಂತಿದ್ಲು ನಮ್ಮವ್ವ” ಎಂಬುದು ಅವಳ ಮಾತು.

ಸಿದ್ರಾಮಪ್ಪ ಮಾಸ್ತರರು ಕುರ್ಚಿ ಹಾಕಿಕೊಂಡು ಕೂತು ಕಾಲೆಳೆಯುತ್ತಿದ್ದರು. “ಮೇಡಂ, ಹೆಂಗೂ ಹೊಲಿಯಾಕತ್ತೀರಿ, ಆ ಗುಡ್ಡದ ಮ್ಯಾಗ ಮಲಗಿದ ಬುದ್ಧಗೂ ಒಂದು ಹೊಲೀರಿ. ಯಾವ ಕಾಲದಿಂದ ಬರೀ ಮೈಲೆ ಮಲಗ್ಯಾನ, ಪಾಪ.”

“ಅಂವಾ ಎಂದೂ ಕೇಳಿಲ್ರಿ ಮಾಸ್ತರ” ಎನ್ನುತ್ತಿದ್ದಳು ಶಂಕ್ರಮ್ಮ. “ನೀವು ಕೇಳಿದ್ರ ಕೊಡೋಣಂತ.”

ಶಂಕ್ರಮ್ಮನದು ಒಂದೇ ಕಟ್ಟಳೆ. ಹೊಲಿಯಲು ಕೂತವರೆಲ್ಲ ಗೋಡೆಯ ಬಟ್ಟೆಯ ಜೊತೆ ತಮ್ಮ ಮನೆಯದೂ ಒಂದು ತುಂಡು ಹಾಕಬೇಕು. ಬರೀ ಬೇರೆಯವರ ಬಟ್ಟೆ ಕಡಿದು ಕೊಟ್ಟರೆ ಅದು ದಾನ, ತಮ್ಮದೂ ಸೇರಿದರೆ ಹಂಚಿಕೆ ಎನ್ನುತ್ತಿದ್ದಳು. ಒಬ್ಬಳು ಮಗನ ಅಂಗಿ ತಂದಳು, ಒಬ್ಬಳು ತೊಟ್ಟಿಲ ಬಟ್ಟೆ ತಂದಳು. ನಾನು ಅಂಗಡಿಗೆ ಹೋಗಿ ಹೊಸ ಬಟ್ಟೆ ಕೊಂಡು ತಂದೆ. ಶಂಕ್ರಮ್ಮ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ಪಕ್ಕಕ್ಕಿಟ್ಟಳು.

“ಇದು ಚುಚ್ಚತೈತಿ ತಂಗಿ. ಮೈಗೆ ಹತ್ತಿದ ಬಟ್ಟಿ ಬೇಕು. ಮನ್ಯಾಗ ಹಳೇದು ಯಾವ್ದೂ ಇಲ್ಲೇನು?”

“ಇಲ್ಲ” ಎಂದೆ.

ಅವ್ವ ಸತ್ತದ್ದನ್ನು ನಾನು ಆ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎರಡು ದಿನ ಲೊಚಗುಟ್ಟುತ್ತಾರೆ, ಮೂರನೆಯ ದಿನ ಮರೆಯುತ್ತಾರೆ. ಆ ಮರೆವನ್ನು ನೋಡುವ ಶಕ್ತಿ ನನಗಿರಲಿಲ್ಲ. ಅವಳ ಹೆಸರನ್ನು ಗಟ್ಟಿಯಾಗಿ ಹೇಳಿದ ಕೊನೆಯ ಮನುಷ್ಯ ಯಾದಗಿರಿಯಲ್ಲಿ ಮರಣ ದಾಖಲಿಸಿಕೊಂಡ ಗುಮಾಸ್ತ. ಆಮೇಲೆ ಆ ಹೆಸರಿಗೆ ಯಾರ ಬಾಯಲ್ಲೂ ಕೆಲಸವಿರಲಿಲ್ಲ. ನನಗಂತೂ ಅವಳು ಅವ್ವ, ನಾನು ಹೆಸರು ಹಿಡಿದು ಕರೆದವಳಲ್ಲ.

ಚಳಿ ಜೋರಾದ ದಿನಗಳಲ್ಲಿ ಕೊಂಕಲ್‌ನ ದ್ಯಾವಮ್ಮ ಬಂದಳು. ಹತ್ತಿ ತುಂಬಿದ ಟ್ರ್ಯಾಕ್ಟರ್ ಮೇಲಿಂದ ಬಿದ್ದು ಅವಳ ಗಂಡನ ಕಾಲು ಮುರಿದಿತ್ತು. ಅವನು ಒಳಗೆ ಗಂಡಸರ ವಾರ್ಡಿನಲ್ಲಿ, ಇವಳು ಹೊರಗೆ ಪಡಸಾಲೆಯಲ್ಲಿ. ತಲೆಯಲ್ಲಿ ಇನ್ನೂ ಹತ್ತಿಯ ಎಳೆ ಸಿಕ್ಕಿಕೊಂಡಿದ್ದವು. ಹೊಲಿದ ಕೌದಿಗಳೆಲ್ಲ ಆಗಲೇ ಹೋಗಿದ್ದವು. ಇನ್ನೊಂದು ಹೊಲಿಯೋಣವೆಂದರೆ ಗೋಡೆಯ ರಾಶಿಯಲ್ಲಿ ಉಳಿದದ್ದು ಬರೀ ಅಂಗಿ, ಚಡ್ಡಿ, ನೈಲಾನ್.

“ತುಂಡಿಗೆ ಬರ ಇಲ್ಲ. ತಳಕ್ಕ ಹಾಸಾಕ ಒಂದು ಇಡೀ ಸೀರಿ ಬೇಕು, ನೂಲಿಂದು” ಎಂದಳು ಶಂಕ್ರಮ್ಮ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ದ್ಯಾವಮ್ಮನೂ ಬಂದು ಮರದ ಬುಡದಲ್ಲಿ ಕೂತಿದ್ದಳು, ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು. ಅವಳ ತುಟಿ ಒಡೆದು ರಕ್ತ ಕಾಣುತ್ತಿತ್ತು.

ನಾನು ಎದ್ದು ಹೋದೆ. ಮಾಳಿಗೆ ಮೆಟ್ಟಿಲು ಹತ್ತುವಾಗ ನನ್ನನ್ನೇ ಬೈದುಕೊಂಡೆ, ಇಳಿಯುವಾಗಲೂ ಬೈದುಕೊಂಡೆ. ಸೀರೆ ತಂದು ಶಂಕ್ರಮ್ಮನ ಮಡಿಲಿಗೆ ಹಾಕಿದೆ.

“ಎಂಥ ಸೀರಿ ಇದು. ಯಾರದು ತಂಗಿ?”

“ನಮ್ಮವ್ವಂದು.”

“ಅವ್ವ ಎಲ್ಲಿರ್ತಾಳ?”

“ಆಷಾಢದಾಗ ಹೋದ್ಲು.”

ಸೂಜಿಗಳು ನಿಂತವು. ಶಂಕ್ರಮ್ಮ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಇಷ್ಟು ದಿನ ಹೇಳಲಿಲ್ಲವಲ್ಲ ಎಂದು ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

“ಹೋಗುವಾಗ ಮೈಮ್ಯಾಲ ಇತ್ತೇನು?”

“ಇಲ್ಲ. ಪೆಟ್ಟಿಗ್ಯಾಗಿತ್ತು.”

“ಸತ್ತವರ ಸೀರಿ ಉಡಬಾರದು ಅಂತಾರ, ಹೊಚ್ಚಿಕೋಬಾರದು ಅಂತ ಯಾರೂ ಅಂದಿಲ್ಲ. ಅವ್ವನ ಸೀರಿ ಇಲ್ಲದ ಕೌದಿ ಯಾವ ಮನ್ಯಾಗೈತಿ? ಆದ್ರ ಹೊಚ್ಚಿಕೊಳ್ಳಾಕಿಗೆ ಹೇಳೇ ಕೊಡಬೇಕು, ಮುಚ್ಚಿ ಕೊಡಬಾರದು.” ಅವಳು ದ್ಯಾವಮ್ಮನ ಕಡೆ ತಿರುಗಿದಳು. “ಕೇಳಿದೆಲ್ಲ ಯವ್ವಾ? ನಡೀತೈತೇನು ನಿನಗ?”

ದ್ಯಾವಮ್ಮ ಸೀರೆಯ ಅಂಚು ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು. “ಹೆಸರೇನಿತ್ರಿ ನಿಮ್ಮವ್ವಂದು?”

“ನಿಂಗವ್ವ.” ಹೇಳುವಾಗ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

“ಸಿಟ್ಟಿನಾಕೇನ್ರಿ?”

“ಮಗಳನ್ನ ನೋಡಿದ್ರ ತಿಳಿಯಂಗಿಲ್ಲೇನು?” ಎಂದಳು ಶಂಕ್ರಮ್ಮ. ಹೆಂಗಸರೆಲ್ಲ ನಕ್ಕರು.

“ಸಿಟ್ಟಿತ್ತು” ಎಂದೆ.

“ಹಂಗಾದ್ರ ಬೆಚ್ಚಗ ಇಡ್ತಾಳ ಬಿಡ್ರಿ.”

ಶಂಕ್ರಮ್ಮ ಸೆರಗನ್ನು ಹರಿದು ನನಗೆ ಕೊಡಲು ಹೋದಳು, ಇಟ್ಟುಕೋ ನೆನಪಿಗೆ ಎಂದು. ಬೇಡ, ಇಡಿಯಾಗಿಯೇ ಹೊಲಿ ಎಂದೆ. ಅವತ್ತು ನಾನೂ ಸೂಜಿ ಹಿಡಿದು ಕೂತೆ. ನನ್ನ ಹೊಲಿಗೆ ಕುಂಟೆತ್ತಿನ ನಡಿಗೆ, ಅಡ್ಡಾದಿಡ್ಡಿ. ಸೀರೆಯನ್ನು ಇಮ್ಮಡಿ ಮಡಚಿ ಹಾಸಿದ್ದರಿಂದ ಕೌದಿಯ ಒಂದು ಮಗ್ಗಲು ಪೂರ್ತಿ ಹಸಿರು, ಕೊನೆಗೆ ಕೆಂಪು ಸೆರಗು. ಮಾರನೆಯ ದಿನ ಕಾಳು ಹಾಕುವ ಹೊತ್ತಿಗೆ ಶಂಕ್ರಮ್ಮ ಕಾಳಿದ್ದ ಅಂಗೈಯನ್ನು ನನ್ನ ಕಡೆ ಚಾಚಿದಳು. ನಾಲ್ಕು ಕಾಳು ನಾನೇ ಹಾಕಿದೆ.

ಆಮೇಲೆ ದಿನಾ ಸಂಜೆ ಕಚೇರಿ ಬಿಟ್ಟ ಮೇಲೆ ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದೆ. ಕೋಣೆಗೆ ಅದು ಸುತ್ತಿನ ದಾರಿ. ಪಡಸಾಲೆಯಲ್ಲಿ ದ್ಯಾವಮ್ಮ ಕೌದಿ ಸುತ್ತಿಕೊಂಡು ಕೂತಿರುತ್ತಿದ್ದಳು. ಗಂಡನ ಕಾಲು ಹೇಗಿದೆ ಎಂದು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು, ನನ್ನ ಕಣ್ಣು ಕೌದಿಯ ಮೇಲಿರುತ್ತಿತ್ತು. ಕೋಣೆಗೆ ಬಂದು ಅಂಗಡಿಯ ಕಂಬಳಿ ಹೊದ್ದರೆ ಅದು ಚುಚ್ಚುತ್ತಿತ್ತು. ಪೆಟ್ಟಿಗೆಯಲ್ಲಿ ಬೇರೆ ಸೀರೆ ಇದ್ದವು, ತೆಗೆಯಲಿಲ್ಲ. ಕೌದಿ ಹೇಗೂ ತಿರುಗಿ ಬರುತ್ತದೆ, ಒಗೆಯುವ ನೆಪದಲ್ಲಿ ಒಂದು ದಿನವಾದರೂ ನನ್ನ ಕೋಣೆಗೆ ಒಯ್ಯಬಹುದು ಎಂದು ಲೆಕ್ಕ ಹಾಕಿಕೊಂಡಿದ್ದೆ.

ಒಂದು ಸಂಜೆ ಹೋದರೆ ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಬೆಳಗ್ಗೆಯೇ ಗಂಡನನ್ನು ಕರೆದುಕೊಂಡು ಊರಿಗೆ ಹೋದಳಂತೆ. ಕೌದಿಯೂ ಹೋಗಿತ್ತು.

“ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ” ಎಂದರು ಸಿದ್ರಾಮಪ್ಪ ಮಾಸ್ತರರು. “ಒಂದು ಹೋದ್ರ ಹೋಗ್ಲಿ ಬಿಡ್ರಿ ಮೇಡಂ.”

“ಬರ್ತಾಳ. ಇಟ್ಕೊಳ್ಳೋ ಪೈಕಿ ಅಲ್ಲ ಅಕಿ” ಎಂದಳು ಶಂಕ್ರಮ್ಮ. ಬರಲಿಲ್ಲ. ಸಂಕ್ರಾಂತಿಯೂ ಕಳೆಯಿತು, ಆಗಲೂ ಬರಲಿಲ್ಲ. ಒಂದು ಕೌದಿ ಹೋದದ್ದಕ್ಕೆ ಯೋಜನೆಯೇನೂ ಮುಳುಗುತ್ತಿರಲಿಲ್ಲ. ಆದರೆ ನನಗೆ ಅವ್ವ ಎರಡನೇ ಸಲ ಹೋದಂತಾಗಿತ್ತು, ಅದೂ ಹೇಳದೆ. ಒಂದು ಭಾನುವಾರ ಕೊತ್ತಂಬರಿಗೆ ಹೋಗುವ ಬದಲು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ: ‘ಸಹಾಯ ಮಾಡಿದವರಿಗೆ ಹಿಂಗ ಮಾಡ್ತಾರೇನು? ಕೊಡು ಇಲ್ಲಿ.’ ಬಿಡಿಸಿ ಮುಗಿಯದ ಹತ್ತಿ ಹೊಲಗಳು ಕಿಟಕಿಯಾಚೆ ಹೋಗುತ್ತಲೇ ಇದ್ದವು.

ಕೊಂಕಲ್‌ನಲ್ಲಿ ಇಳಿದು ಚಹಾದಂಗಡಿಯಲ್ಲಿ ಕೇಳಿದರೆ ಟ್ರ್ಯಾಕ್ಟರ್ ಮೇಲಿಂದ ಬಿದ್ದವನ ಮನೆ ಎಂದು ಒಂದೇ ಮಾತಿಗೆ ತೋರಿಸಿದರು. ಓಣಿಯ ತಿರುವಿನಲ್ಲಿಯೇ ಕಂಡಿತು. ಅಂಗಳದ ಮೋಟು ಗೋಡೆಯ ಮೇಲೆ ಕೌದಿ, ಹಸಿರು ಮಗ್ಗಲು ಬಿಸಿಲಿಗೆ. ಒಗೆದು ಹಾಕಿದ್ದರು. ಪಕ್ಕದ ಹಗ್ಗದ ಹೊರಸಿನ ಮೇಲೆ ದ್ಯಾವಮ್ಮನ ಗಂಡ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದ. ದ್ಯಾವಮ್ಮ ಹೊಲಕ್ಕೆ ಹೋಗಿದ್ದಳು.

“ಶಹಾಪುರದಿಂದ ಬಂದೀನಿ. ಕೌದಿ…” ಎಂದೆ. ಜೋಡಿಸಿಕೊಂಡ ಮಾತೆಲ್ಲ ಅಷ್ಟಕ್ಕೇ ನಿಂತಿತು.

ಅವನು ಏಳಲು ಹೋಗಿ ಆಗದೆ ಕೂತ. “ಹೌದ್ರಿ, ಹೌದ್ರಿ. ತಿರುಗಿ ಕೊಡಬೇಕಾಗಿತ್ರಿ. ಅಕಿ ದಿನಾ ಅಂತಾಳ, ಕೊಟ್ಟು ಬರ್ತೀನಿ ಅಂತ. ಹತ್ತಿ ಮುಗೀಲಿ ತಡಿ ಅಂತ ನಾನೇ ಅಂದೀನ್ರಿ. ನಮ್ಮವ್ವಗ ಥಂಡಿ ತಡ್ಯಾಂಗಿಲ್ರಿ, ಅಕಿ ಹೊಚ್ಚಿಕೊಂಡಾಳ. ತಪ್ಪಾತ್ರಿ. ಒಯ್ರಿ.”

ಸಿಟ್ಟು ಮಾಡಲು ಅವನು ಎಡೆಯೇ ಕೊಡಲಿಲ್ಲ. ಗೋಡೆಯ ಹತ್ತಿರ ಹೋಗಿ ಕೌದಿಯ ಮೇಲೆ ಕೈಯಿಟ್ಟೆ. ಬಿಸಿಲಿಗೆ ಕಾದು ಬೆಚ್ಚಗಿತ್ತು. ನನ್ನ ಕುಂಟು ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಎಳೆದು ತೋಳಿಗೆ ಹಾಕಿಕೊಂಡೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ಹೊರಟುಬಿಡಬೇಕು ಎನಿಸಿತ್ತು.

ಆಗ ಒಳಗಿನಿಂದ ಒಬ್ಬ ಮುದುಕಿಯ ದನಿ ಬಂತು. ಹೊರಗೆ ಯಾರು ಬಂದಿದ್ದಾರೆಂದು ಆ ದನಿಗೆ ಗೊತ್ತಿರಲಿಲ್ಲ.

“ಏ ಯಾರದೀರಿ ಹೊರಗ? ಬಿಸಲು ಇಳೀತು. ನಿಂಗವ್ವನ ಒಳಗ ಕರ್ಕೊಂಡ್ ಬರ್ರಿ, ಥಂಡಿ ಹತ್ತತೈತಿ ಅಕಿಗೆ.”

ಅವನು ನಾಚಿಕೊಂಡು ನಕ್ಕ. “ನಮ್ಮವ್ವ ಅದಕ ಹಂಗೇ ಅಂತಾಳ್ರಿ. ದ್ಯಾವಿ ಬಂದು ಹೆಸರು ಹೇಳಿದಾಗಿಂದ ಮನ್ಯಾಗ ಎಲ್ಲಾರೂ ಹಂಗೇ ಕರೀತಾರ. ದಿನಾ ಮುಂಜಾನಿ ನಿಂಗವ್ವನ ಹೊರಗ ಹಾಕ್ರಿ, ಸಂಜೀಕ ನಿಂಗವ್ವನ ಒಳಗ ತರ್ರಿ. ಸಿಟ್ಟಾಗಬ್ಯಾಡ್ರಿ.”

ಆಷಾಢದಿಂದ ಯಾರ ಬಾಯಲ್ಲೂ ಇಲ್ಲವೆಂದು ನಾನು ಅಳುತ್ತಿದ್ದ ಹೆಸರು, ಆ ಅಂಗಳದಲ್ಲಿ ದಿನಾ ಎರಡು ಹೊತ್ತು ಕೂಗಿಸಿಕೊಳ್ಳುತ್ತಿತ್ತು. ಮೋಟು ಗೋಡೆಗೆ ಒರಗಿದೆ. ಅಳು ಬಂತು. ಅವನ ಮುಂದೆಯೇ ಅತ್ತೆ. ಅವನು ಪಾಪ, ಕಾಲು ನೋಡುತ್ತ ಕೂತ.

ಆಮೇಲೆ ಕಣ್ಣೊರೆಸಿಕೊಂಡು ಕೌದಿಯನ್ನು ನೀಟಾಗಿ ಮಡಚಿದೆ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದೆ. ಒಲೆಯ ಪಕ್ಕ ಗೋಡೆಗೆ ಆತು ಕೂತಿದ್ದ ಮುದುಕಿಯ ಮಡಿಲಲ್ಲಿ ಇಟ್ಟೆ. ಅವಳ ಕಣ್ಣಿನಲ್ಲಿ ಪೊರೆಯಿತ್ತು. ಕೈಯಿಂದ ತಡವಿ ಹಸಿರು ಮಗ್ಗಲನ್ನು ಮೈಕಡೆ ಮಾಡಿಕೊಂಡು ಹೊದ್ದಳು. ಆಮೇಲೆ ತಂದಿಟ್ಟ ಕೈ ಗುರುತಿನದಲ್ಲ ಎಂದು ತಿಳಿದು ಮುಖ ಎತ್ತಿದಳು.

“ಯಾರವ್ವ ನೀ?”

“ನಿಂಗವ್ವನ ಮಗಳ್ರಿ.”

ಅವಳು ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿದಳು.

“ಕುಂದ್ರು. ಅವ್ವ ಇದ್ದ ಮನಿಗೆ ಬಂದು ಉಣ್ಣದ ಹೋಗ್ತಾರೇನು?”

ಕೂತೆ.